ಹಾಜರಿ ಪುಸ್ತಕದ ಫುಟ್‌ಬಾಲಿಗರು

ಪಾಕಿಸ್ತಾನ್ ಪ್ರೀಮಿಯರ್ ಲೀಗಿನ 2012–13ರ ಋತುವಿನಲ್ಲಿ ಕಲೀಮುಲ್ಲಾ ಖಾನ್ ಎಂಬ ಇಪ್ಪತ್ತರ ಹರೆಯದ ಫಾರ್ವರ್ಡ್ 35 ಗೋಲು ಹೊಡೆದರು. ಆ ಲೀಗಿನ ಒಂದೇ ಋತುವಿನಲ್ಲಿ ಅಷ್ಟು ಗೋಲನ್ನು ಅದಕ್ಕೂ ಮೊದಲು ಯಾರೂ ಹೊಡೆದಿರಲಿಲ್ಲ. ಬೇರೆ ದೇಶದಲ್ಲಾಗಿದ್ದರೆ ದೊಡ್ಡ ಕ್ಲಬ್ಬುಗಳ ಏಜೆಂಟರು ಮನೆ ಬಾಗಿಲಿಗೆ ಬಂದು ಕೂರುತ್ತಿದ್ದರು, ಹುಡುಗ ಎಷ್ಟು ಕೋಟಿಗೆ ಹೋಗಬಹುದು ಎಂದು ಪತ್ರಿಕೆಗಳು ಲೆಕ್ಕ ಹಾಕುತ್ತಿದ್ದವು. ಕಲೀಮುಲ್ಲಾ ವಿಷಯದಲ್ಲಿ ಆ ಮಾತೇ ಏಳಲಿಲ್ಲ. ಅವರ ಜೆರ್ಸಿಯ ಮೇಲಿದ್ದದ್ದು ಯುರೇನಿಯಂ ಸಂಸ್ಕರಿಸುವ ಸರ್ಕಾರಿ ಪ್ರಯೋಗಾಲಯವೊಂದರ ಹೆಸರು.

ಆ ಹೆಸರು ಕೆಆರ್‌ಎಲ್, ಎಂದರೆ ಖಾನ್ ರಿಸರ್ಚ್ ಲ್ಯಾಬೊರೇಟರೀಸ್. ರಾವಲ್ಪಿಂಡಿಗೆ ಹತ್ತಿರದ ಕಹುಟಾದಲ್ಲಿರುವ ಈ ಸಂಸ್ಥೆಗೆ ಪಾಕಿಸ್ತಾನದ ಅಣುಬಾಂಬಿನ ಪಿತಾಮಹ ಎನಿಸಿಕೊಂಡ ಅಬ್ದುಲ್ ಖದೀರ್ ಖಾನ್ ಅವರ ಹೆಸರಿಡಲಾಗಿದೆ. ಹೊರಗಿನವರು ಹತ್ತಿರವೂ ಸುಳಿಯಲಾಗದ ಈ ಜಾಗಕ್ಕೆ ಫುಟ್‌ಬಾಲ್ ತಂಡವೂ ಇತ್ತು, ಕ್ರಿಕೆಟ್ ತಂಡವೂ ಇತ್ತು. ನಮ್ಮ ಕ್ರಿಕೆಟ್ ಪ್ರೇಮಿಗಳಿಗೆ ಚೆನ್ನಾಗಿ ನೆನಪಿರುವ ಶೋಯಬ್ ಅಖ್ತರ್ ದೇಶಿ ಕ್ರಿಕೆಟ್‌ನಲ್ಲಿ ಕೆಆರ್‌ಎಲ್ ಪರವಾಗಿ ಬೌಲ್ ಮಾಡಿದವರೇ. ಫುಟ್‌ಬಾಲಿನಲ್ಲಂತೂ ಐದು ಬಾರಿ ಲೀಗ್ ಗೆದ್ದ ಕೆಆರ್‌ಎಲ್‌ಗೆ ಸಾಟಿಯೇ ಇಲ್ಲ.

ಲೀಗ್ ಗೆದ್ದವರ ಪಟ್ಟಿಯೇ ಅರ್ಧ ಕಥೆ ಹೇಳುತ್ತದೆ. 2004ರಲ್ಲಿ ಶುರುವಾದ ಈ ಲೀಗು 2018–19ರವರೆಗೆ ಹನ್ನೆರಡು ಬಾರಿ ಪೂರ್ತಿಯಾಗಿ ನಡೆದಿದೆ. ಐದು ಸಲ ಅಣು ಪ್ರಯೋಗಾಲಯ, ನಾಲ್ಕು ಸಲ ನೀರು ಮತ್ತು ವಿದ್ಯುತ್ ಮಂಡಳಿಯಾದ ವಾಪ್ಡಾ, ಎರಡು ಸಲ ಸೇನೆ, ಒಂದು ಸಲ ಕರಾಚಿಗೆ ಕರೆಂಟು ಕೊಡುವ ಕೆ-ಎಲೆಕ್ಟ್ರಿಕ್ ಕಂಪನಿ. ಊರಿನವರು ಕಟ್ಟಿ ಬೆಳೆಸಿದ ಕ್ಲಬ್ಬೊಂದು ಒಮ್ಮೆಯೂ ಚಾಂಪಿಯನ್ ಆಗಿಲ್ಲ. ಕೆಳಗಿನ ಸ್ಥಾನಗಳಲ್ಲೂ ಇಂಥದೇ ಹೆಸರುಗಳು: ರಾಷ್ಟ್ರೀಯ ಬ್ಯಾಂಕು, ಹಬೀಬ್ ಬ್ಯಾಂಕು, ಪಿಐಎ ವಿಮಾನ ಸಂಸ್ಥೆ, ಕರಾಚಿ ಬಂದರು ಟ್ರಸ್ಟು, ಪೊಲೀಸು, ರೈಲ್ವೆ, ಸೂಯಿ ಗ್ಯಾಸ್. ಅಂಕಪಟ್ಟಿಯನ್ನು ಓದುತ್ತಿದ್ದರೆ ಬಜೆಟ್ ದಾಖಲೆ ತಿರುವಿ ಹಾಕಿದ ಹಾಗಾಗುತ್ತದೆ.

ಬೆಂಗಳೂರಿನ ಹಳಬರಿಗೆ ಈ ವ್ಯವಸ್ಥೆಯನ್ನು ಬಿಡಿಸಿ ಹೇಳಬೇಕಿಲ್ಲ. ಎಚ್‌ಎಎಲ್, ಐಟಿಐ, ಎಂಇಜಿ ತಂಡಗಳು ಮೈದಾನಕ್ಕಿಳಿಯುತ್ತಿದ್ದ ಕಾಲವನ್ನು ಕಂಡವರು ಅವರು. ಚೆನ್ನಾಗಿ ಆಡುವ ಹುಡುಗನಿಗೆ ಕಾರ್ಖಾನೆಯಲ್ಲೊಂದು ಕೆಲಸ, ಬೆಳಗ್ಗೆ ಹಾಜರಿ, ಆಮೇಲೆ ಅಭ್ಯಾಸ, ಟೂರ್ನಿ ಬಂದರೆ ರಜೆ. ಭಾರತದಲ್ಲಿ ಈ ಮಾದರಿ ಕ್ಲಬ್ಬುಗಳಿಗೂ ಆಮೇಲೆ ಫ್ರಾಂಚೈಸಿಗಳಿಗೂ ದಾರಿ ಬಿಟ್ಟು ಬದಿಗೆ ಸರಿಯಿತು. ಪಾಕಿಸ್ತಾನದಲ್ಲಿ ಸರಿಯಲೇ ಇಲ್ಲ. ಅಲ್ಲಿ ಫುಟ್‌ಬಾಲಿಗನ ವೃತ್ತಿಜೀವನವೆಂದರೆ ಇಂದಿಗೂ ಮುಖ್ಯವಾಗಿ ಒಂದು ನೌಕರಿಯ ಕಥೆ. ಆಟಗಾರ ಎಷ್ಟು ಗೋಲು ಹೊಡೆದ ಎಂಬುದಕ್ಕಿಂತ ಖಾಯಂ ಆದನೋ ಇಲ್ಲವೋ ಎಂಬುದು ಮನೆಯವರಿಗೆ ದೊಡ್ಡ ಸುದ್ದಿ.

ನೇಮಕಾತಿಯ ಕ್ರಮ ಸರಳವಾಗಿದೆ. ಇಲಾಖೆಗಳು ಟ್ರಯಲ್ಸ್ ಕರೆಯುತ್ತವೆ. ಇಲ್ಲವೇ ಜಿಲ್ಲಾ ಪಂದ್ಯಗಳಲ್ಲಿ ಕಣ್ಣಿಗೆ ಬಿದ್ದ ಹುಡುಗನಿಗೆ ಕೋಚ್ ಹೇಳಿ ಕಳಿಸುತ್ತಾರೆ. ಆಯ್ಕೆಯಾದವನು ಕ್ರೀಡಾ ಕೋಟಾದಲ್ಲಿ ಒಳಗೆ ಸೇರುತ್ತಾನೆ. ಸೇನೆಯಾದರೆ ಸಿಪಾಯಿ, ಪೊಲೀಸಾದರೆ ಕಾನ್‌ಸ್ಟೇಬಲ್, ಬ್ಯಾಂಕೋ ವಾಪ್ಡಾನೋ ಆದರೆ ಕೆಳಗಿನ ಶ್ರೇಣಿಯ ಯಾವುದಾದರೂ ಹುದ್ದೆ. ಮೊದಲು ಗುತ್ತಿಗೆ, ಅದೃಷ್ಟವಿದ್ದರೆ ಮುಂದೆ ಖಾಯಂ. ಖಾಯಂ ಆದನೆಂದರೆ ತಿಂಗಳ ಸಂಬಳ, ಅಪ್ಪ ಅಮ್ಮನ ಆಸ್ಪತ್ರೆ ಖರ್ಚು, ಕೊನೆಗೆ ಪಿಂಚಣಿ. ಮೂವತ್ತೈದಕ್ಕೆ ಮೊಣಕಾಲು ಸೋತರೂ ಅರವತ್ತರವರೆಗೆ ಅನ್ನಕ್ಕೆ ತೊಂದರೆಯಿಲ್ಲ. ಯುರೋಪಿನ ಸಣ್ಣ ಲೀಗುಗಳ ಎಷ್ಟೋ ಆಟಗಾರರಿಗೆ ಈ ಭದ್ರತೆ ಇಲ್ಲ ಎಂಬುದನ್ನು ಒಪ್ಪಲೇಬೇಕು. ಇಲಾಖಾ ಫುಟ್‌ಬಾಲನ್ನು ಬರೀ ಹಳೇ ಕಾಲದ ಪಳೆಯುಳಿಕೆ ಎಂದು ಬೈಯುವವರು ಈ ಭಾಗವನ್ನು ಮರೆತುಬಿಡುತ್ತಾರೆ.

ಅದಕ್ಕೆ ತೆರುವ ಬೆಲೆ ಬೇರೆ ಕಡೆ ಇದೆ. ವಾಪ್ಡಾ ಗೆದ್ದರೆ ಸಂಭ್ರಮಿಸುವವರು ಯಾರು? ಕರೆಂಟು ಮಂಡಳಿಯ ಬಾವುಟ ಹಿಡಿದು ಬೀದಿಗಿಳಿಯುವ ಅಭಿಮಾನಿ ಲಾಹೋರಿನಲ್ಲೂ ಸಿಗಲಾರ, ಲಂಡನ್ನಿನಲ್ಲೂ ಸಿಗಲಾರ. ಅಭಿಮಾನಿ ಇಲ್ಲದ ಕಡೆ ಟಿಕೆಟ್ ಮಾರಾಟವಿಲ್ಲ, ಟಿಕೆಟ್ ಇಲ್ಲದ ಕಡೆ ಟೀವಿ ಬರುವುದಿಲ್ಲ, ಟೀವಿ ಇಲ್ಲದ ಕಡೆ ಪ್ರಾಯೋಜಕ ಕಾಲಿಡುವುದಿಲ್ಲ. ಕೊನೆಗೆ ತಂಡದ ಆಯುಸ್ಸು ಇಲಾಖೆಯ ಮುಖ್ಯಸ್ಥರ ಮರ್ಜಿಗೆ ಬಂದು ನಿಲ್ಲುತ್ತದೆ. ಅವರು ಬದಲಾದರೆ, ಇಲ್ಲವೇ ಸಂಸ್ಥೆ ನಷ್ಟಕ್ಕೆ ಬಿದ್ದರೆ ಮೊದಲು ಕತ್ತರಿ ಬೀಳುವುದು ಕ್ರೀಡಾ ವಿಭಾಗಕ್ಕೆ.

ಜನ ಆಟ ನೋಡುವುದಿಲ್ಲ ಎಂದಲ್ಲ. ಕರಾಚಿಯ ಲಿಯಾರಿಗೆ ಹೋದರೆ ಕ್ರಿಕೆಟ್ಟೇ ಎರಡನೆಯದು. ಬಂದರಿಗೆ ಹೊಂದಿಕೊಂಡ, ಬಲೂಚರೂ ಆಫ್ರಿಕಾ ಮೂಲದ ಶೀದಿಗಳೂ ಒತ್ತೊತ್ತಾಗಿ ಬಾಳುವ ಈ ಬಡಾವಣೆಯನ್ನು ಪತ್ರಿಕೆಗಳು ಪುಟ್ಟ ಬ್ರೆಜಿಲ್ ಎಂದೇ ಕರೆಯುತ್ತವೆ. ವಿಶ್ವಕಪ್ ಬಂತೆಂದರೆ ಗೋಡೆಗಳ ಮೇಲೆ ಹಳದಿ-ಹಸಿರು ಬಣ್ಣ, ಗಲ್ಲಿಗೊಂದು ಪರದೆ, ರಾತ್ರಿಯೆಲ್ಲ ಜಾಗರಣೆ. ಕಕ್ರಿ ಮೈದಾನ, ಗಂಜಿ ಮೈದಾನದಂಥ ಬಯಲುಗಳಲ್ಲಿ ಬರಿಗಾಲ ಹುಡುಗರು ದೂಳೆಬ್ಬಿಸಿ ಆಡುತ್ತಾ ಬೆಳೆದವರು. 1988ರ ಒಲಿಂಪಿಕ್ಸ್‌ನಲ್ಲಿ ಪಾಕಿಸ್ತಾನಕ್ಕೆ ಬಾಕ್ಸಿಂಗ್ ಕಂಚು ತಂದ ಹುಸೇನ್ ಶಾ ಕೂಡ ಲಿಯಾರಿಯವರೇ. ಗ್ಯಾಂಗುಗಳ ಗುಂಡಿನ ಕಾಳಗದಿಂದ ಈ ಬಡಾವಣೆಯ ಹೆಸರು ಕೆಟ್ಟ ವರ್ಷಗಳಲ್ಲೂ ಚೆಂಡಿನಾಟ ಪೂರ್ತಿ ನಿಂತಿರಲಿಲ್ಲ.

ಲಿಯಾರಿ ಮತ್ತು ಮಕ್ರಾನ್ ಕರಾವಳಿಯ ಈ ಹುಡುಗರಿಗೆ ಒಂದು ಕಾಲದಲ್ಲಿ ನಿಜವಾದ ವೃತ್ತಿಪರ ಮಾರುಕಟ್ಟೆ ಇತ್ತು. ಅದು ಇದ್ದದ್ದು ಸಾವಿರಾರು ಕಿಲೋಮೀಟರ್ ಪೂರ್ವದಲ್ಲಿ, ಢಾಕಾ ಮತ್ತು ಕೋಲ್ಕತ್ತಾದಲ್ಲಿ. ಐವತ್ತು ಅರವತ್ತರ ದಶಕದಲ್ಲಿ ಢಾಕಾ ಲೀಗಿನ ಮಹಮ್ಮದನ್ ಸ್ಪೋರ್ಟಿಂಗ್, ವಿಕ್ಟೋರಿಯಾದಂಥ ಕ್ಲಬ್ಬುಗಳು ದುಡ್ಡು ಕೊಟ್ಟು ಮಕ್ರಾನಿಗಳನ್ನು ಕರೆಸಿಕೊಳ್ಳುತ್ತಿದ್ದವು. ‘ಪಾಕಿಸ್ತಾನದ ಪೆಲೆ’ ಎನಿಸಿಕೊಂಡ ಅಬ್ದುಲ್ ಗಫೂರ್ ಢಾಕಾದ ಪ್ರೇಕ್ಷಕರ ಕಣ್ಮಣಿ. ದೇಶವಿಭಜನೆ ಆದ ಮೇಲೂ ಕೋಲ್ಕತ್ತಾದ ಬಾಗಿಲು ಮುಚ್ಚಿರಲಿಲ್ಲ. ಮಸೂದ್ ಫಖ್ರಿ ಐವತ್ತರ ದಶಕದ ಮೊದಲಲ್ಲಿ ಈಸ್ಟ್ ಬೆಂಗಾಲ್ ಪರ ಆಡಿದರು, ಮುಂದೆ ಇಂಗ್ಲೆಂಡಿಗೆ ಹೋಗಿ ಬ್ರಾಡ್‌ಫರ್ಡ್ ಸಿಟಿ ಸೇರಿದರು. ಉಮರ್ ಎಂಬ ಫಾರ್ವರ್ಡ್ ಕೋಲ್ಕತ್ತಾದ ಮಹಮ್ಮದನ್ ಸ್ಪೋರ್ಟಿಂಗಿನಲ್ಲಿ ಮನೆಮಾತಾಗಿದ್ದರು. ಪಾಕಿಸ್ತಾನದ ತಂಡಕ್ಕೆ ಆಡುವವರು ಹೊಟ್ಟೆಪಾಡಿಗೆ ಭಾರತದ ಕ್ಲಬ್ಬಿನಲ್ಲಿ ಇರುತ್ತಿದ್ದರು ಎಂದರೆ ಇಂದಿನ ವೀಸಾ ಕಾಲದಲ್ಲಿ ನಂಬುವುದೇ ಕಷ್ಟ.

1965ರ ಯುದ್ಧ ಎರಡು ದೇಶಗಳ ನಡುವಿನ ಹೋಗುಬರುವಿಕೆಯನ್ನೇ ಕತ್ತರಿಸಿತು. 1971ರಲ್ಲಿ ಪೂರ್ವ ಪಾಕಿಸ್ತಾನ ಬಾಂಗ್ಲಾದೇಶವಾಯಿತು, ಢಾಕಾವೂ ಕೈತಪ್ಪಿತು. ರಾಜಕೀಯ ಇತಿಹಾಸದ ಪುಸ್ತಕಗಳಲ್ಲಿ ಈ ನಷ್ಟದ ಲೆಕ್ಕ ಸಿಗುವುದಿಲ್ಲ. ಆದರೆ ಫುಟ್‌ಬಾಲಿನ ಮಟ್ಟಿಗೆ ಪಾಕಿಸ್ತಾನ ಅಂದು ತನ್ನ ಅತಿ ದೊಡ್ಡ ಪ್ರೇಕ್ಷಕವರ್ಗವನ್ನೂ ಹಣ ಕೊಡುವ ಕ್ಲಬ್ಬುಗಳನ್ನೂ ಒಟ್ಟಿಗೆ ಕಳೆದುಕೊಂಡಿತು. ಉಳಿದ ಪಶ್ಚಿಮ ಭಾಗದಲ್ಲಿ ಆಟಗಾರನಿಗೆ ಸಂಬಳ ಕೊಡುವವರು ಇಲಾಖೆಗಳೇ ಆದವು. ಪಿಐಎ, ರೈಲ್ವೆ, ಬ್ಯಾಂಕುಗಳ ಕಾಲ ಅದು. 1948ರಿಂದ ನಡೆದುಬಂದ ರಾಷ್ಟ್ರೀಯ ಚಾಂಪಿಯನ್‌ಶಿಪ್ ಎಂಬುದು ಯಾವುದಾದರೊಂದು ಊರಿನಲ್ಲಿ ಕೆಲವೇ ವಾರ ನಡೆದು ಮುಗಿಯುವ ಟೂರ್ನಿ. ಅದು ಮುಗಿದರೆ ಆಟಗಾರ ಮತ್ತೆ ತನ್ನ ಕಚೇರಿಗೆ.

2004ರಲ್ಲಿ ಲೀಗ್ ಬಂದದ್ದು ಈ ಪದ್ಧತಿಯನ್ನು ಬದಲಿಸಲೆಂದೇ. ಮಾಜಿ ಗೃಹ ಸಚಿವ ಫೈಸಲ್ ಸಾಲೆಹ್ ಹಯಾತ್ ಆಗ ಪಾಕಿಸ್ತಾನ ಫುಟ್‌ಬಾಲ್ ಫೆಡರೇಶನ್ನಿನ ಅಧ್ಯಕ್ಷರು. ತಿಂಗಳುಗಟ್ಟಲೆ ನಡೆಯುವ ಲೀಗು, ಕೆಳಗಿನ ದರ್ಜೆಗೆ ಇಳಿಯುವ ಭಯ, ಮೇಲೇರುವ ಆಸೆ ಎಲ್ಲವೂ ಬಂತು. ಇಲಾಖೆಗಳ ನಡುವೆ ಒಂದಿಷ್ಟು ಖಾಸಗಿ ಕ್ಲಬ್ಬುಗಳೂ ಜಾಗ ಹಿಡಿದವು. ಅವುಗಳಲ್ಲಿ ಗಮನಿಸಬೇಕಾದದ್ದು ಬಲೂಚಿಸ್ತಾನದವನ್ನು: ನುಷ್ಕಿಯ ಬಲೂಚ್ ಕ್ಲಬ್ಬು, ಚಮನ್ ಊರಿನ ಅಫ್ಘಾನ್ ಮತ್ತು ಮುಸ್ಲಿಂ ಕ್ಲಬ್ಬುಗಳು.

ಚಮನ್ ಎಂಬುದು ಅಫ್ಘಾನಿಸ್ತಾನದ ಗಡಿಗೆ ಅಂಟಿಕೊಂಡ ಪಟ್ಟಣ. ಗಡಿ ದಾಟುವ ಲಾರಿಗಳ ಸಾಲು, ಒಣ ಹಣ್ಣಿನ ವ್ಯಾಪಾರ, ಆಗಾಗ ಬಾಂಬಿನ ಸುದ್ದಿ. ಹೊರಗಿನವರಿಗೆ ಗೊತ್ತಿರುವುದು ಇಷ್ಟೇ. ಪಾಕಿಸ್ತಾನದ ಫುಟ್‌ಬಾಲಿಗೆ ಮಾತ್ರ ಅದು ಆಟಗಾರರ ಕಣಜ. ಈ ಊರಿನವರೇ ಆದ ಕಲೀಮುಲ್ಲಾ ಒಬ್ಬರು ಸಾಲದು ಎಂಬಂತೆ ಅವರಿಗಿಂತ ಸುಮಾರು ಒಂದು ದಶಕ ಮೊದಲು ಇದೇ ಊರಿನಿಂದ ಮುಹಮ್ಮದ್ ಈಸಾ ಬಂದಿದ್ದರು. ಅಫ್ಘಾನ್ ಕ್ಲಬ್ಬಿನಲ್ಲಿ ಆಟ ಕಲಿತು, ದೂರವಾಣಿ ಇಲಾಖೆಯಾದ ಪಿಟಿಸಿಎಲ್‌ಗೂ ಆಮೇಲೆ ಕೆಆರ್‌ಎಲ್‌ಗೂ ಆಡಿ, ದೇಶದ ನಾಯಕರಾದರು. ರಾಷ್ಟ್ರೀಯ ತಂಡಕ್ಕೆ ಅವರು ಹೊಡೆದ 11 ಗೋಲು ಪಾಕಿಸ್ತಾನದ ದಾಖಲೆ.

ಹನ್ನೊಂದು. ಒಂದು ದೇಶದ ಸಾರ್ವಕಾಲಿಕ ದಾಖಲೆ ಇಷ್ಟು ಕಡಿಮೆ ಏಕೆ ಎಂದು ಕೇಳುವವರು 2005ರ ಜೂನ್ 12ನ್ನು ನೆನಪಿಸಿಕೊಳ್ಳಬೇಕು. ಆ ದಿನ ಕ್ವೆಟ್ಟಾದಲ್ಲಿ ಭಾರತ ಮತ್ತು ಪಾಕಿಸ್ತಾನದ ನಡುವೆ ಸೌಹಾರ್ದ ಪಂದ್ಯ ನಡೆಯಿತು. ಭಾರತದ ಪರ ಮೊದಲ ಬಾರಿ ಆಡಲಿಳಿದ ಇಪ್ಪತ್ತರ ಹುಡುಗನೊಬ್ಬ ಗೋಲು ಹೊಡೆದ. ಅವನ ಹೆಸರು ಸುನಿಲ್ ಛೆಟ್ರಿ. ಪಂದ್ಯ ಮುಗಿಯುವ ಹೊತ್ತಿಗೆ ಈಸಾ ಗೋಲು ಹೊಡೆದು ಪಂದ್ಯವನ್ನು 1–1ಕ್ಕೆ ಸಮ ಮಾಡಿದರು. ಎರಡನೆಯ ಪಂದ್ಯ ಪೇಶಾವರದಲ್ಲಿ ಭಾರತದ ಪಾಲಾಯಿತು. ಮೂರನೆಯದನ್ನು ಲಾಹೋರಿನಲ್ಲಿ ಪಾಕಿಸ್ತಾನ 3–0 ಅಂತರದಿಂದ ಗೆದ್ದಿತು. ಆ ಬೇಸಿಗೆಯಲ್ಲಿ ಎರಡು ದೇಶಗಳ ತಂಡಗಳ ನಡುವೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಪಾಕಿಸ್ತಾನ ಅದರ ಹಿಂದಿನ ವರ್ಷವಷ್ಟೇ ಇಸ್ಲಾಮಾಬಾದಿನ ದಕ್ಷಿಣ ಏಷ್ಯಾ ಕ್ರೀಡಾಕೂಟದ ಫೈನಲಿನಲ್ಲಿ ಭಾರತವನ್ನೇ ಸೋಲಿಸಿ ಚಿನ್ನ ಗೆದ್ದಿತ್ತು, ಮುಂದಿನ ವರ್ಷ ಕೊಲಂಬೋದಲ್ಲಿ ಆ ಚಿನ್ನವನ್ನು ಉಳಿಸಿಕೊಂಡಿತು ಕೂಡ. ಛೆಟ್ರಿ 90ಕ್ಕೂ ಹೆಚ್ಚು ಅಂತರರಾಷ್ಟ್ರೀಯ ಗೋಲು ಹೊಡೆದರು. ಈಸಾ ಹನ್ನೊಂದಕ್ಕೆ ನಿಂತರು. ಛೆಟ್ರಿಯ ಪ್ರತಿಭೆಗೆ ಕೊಡಬೇಕಾದ ಗೌರವ ಕೊಟ್ಟೇ ಹೇಳಬಹುದಾದ ಮಾತೆಂದರೆ, ಆ ಅಂತರದ ಬಹುಪಾಲು ಆಡಲು ಸಿಕ್ಕ ಪಂದ್ಯಗಳ ಅಂತರ.

ದೇಶದೊಳಗೇ ಉಳಿದು, ಲೀಗನ್ನೇ ನೆಚ್ಚಿಕೊಂಡು ಬಾಳಿದವರ ಪೈಕಿ ಆರಿಫ್ ಮಹಮೂದ್ ಹೆಸರು ಮೊದಲು ಬರುತ್ತದೆ. ವಾಪ್ಡಾದ ಈ ಸ್ಟ್ರೈಕರ್ ಒಂದಕ್ಕಿಂತ ಹೆಚ್ಚು ಋತುಗಳಲ್ಲಿ ಲೀಗಿನ ಅಗ್ರ ಗೋಲುಗಾರರಾಗಿದ್ದರು. ವಾಪ್ಡಾ ಗೆದ್ದ ನಾಲ್ಕು ಕಿರೀಟಗಳ ಕಾಲವೂ ಅವರ ಕಾಲವೂ ಒಂದೇ. ಲಾಹೋರಿನ ಆ 3–0 ಪಂದ್ಯದಲ್ಲಿ ಗೋಲು ಹೊಡೆದವರಲ್ಲಿ ಅವರೂ ಒಬ್ಬರು. ಸೇನೆಯ ಗೋಲ್‌ಕೀಪರ್ ಜಾಫರ್ ಖಾನ್ ಇನ್ನೊಬ್ಬರು. ಸೇನೆಯ ತಂಡಕ್ಕೆ ಆಡುತ್ತಲೇ ದೇಶಕ್ಕೆ ನಾಯಕರಾದವರು. ಇವರ ಬಗ್ಗೆ ಯೂಟ್ಯೂಬಿನಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ಮಧ್ಯಾಹ್ನದ ಬಿಸಿಲಿನಲ್ಲಿ, ಖಾಲಿ ಗ್ಯಾಲರಿಯ ಮುಂದೆ ಆಡಿದ ಪಂದ್ಯಗಳನ್ನು ಚಿತ್ರೀಕರಿಸಿದವರೇ ಕಡಿಮೆ.

ಕೆಆರ್‌ಎಲ್ ತನ್ನ ಒಳ್ಳೆಯ ದಿನಗಳಲ್ಲಿ ದೇಶದ ಆಚೆಗೂ ಪರಾಕ್ರಮ ತೋರಿಸಿತು. ಏಷ್ಯಾದ ಸಣ್ಣ ದೇಶಗಳ ಚಾಂಪಿಯನ್ನರಿಗೆಂದೇ ಇದ್ದ ಎಎಫ್‌ಸಿ ಪ್ರೆಸಿಡೆಂಟ್ಸ್ ಕಪ್‌ನಲ್ಲಿ 2013ರಲ್ಲಿ ಫೈನಲ್ ತಲುಪಿತು. ಮಲೇಷ್ಯಾದಲ್ಲಿ ನಡೆದ ಆ ಪಂದ್ಯವನ್ನು ತುರ್ಕಮೆನಿಸ್ತಾನದ ಬಾಲ್ಕನ್ ತಂಡ ಒಂದೇ ಗೋಲಿನಿಂದ ಗೆದ್ದಿತು. ಪಾಕಿಸ್ತಾನದ ಯಾವ ಕ್ಲಬ್ಬೂ ಅದಕ್ಕೆ ಮೊದಲು ಏಷ್ಯಾದ ಟೂರ್ನಿಯೊಂದರ ಫೈನಲ್ ಕಂಡಿರಲಿಲ್ಲ.

ಅಷ್ಟು ಹೊತ್ತಿಗೆ ಹೊರಗಿನವರ ಕಣ್ಣಿಗೂ ಬಿದ್ದಿದ್ದ ಕಲೀಮುಲ್ಲಾ 2014ರಲ್ಲಿ ಕಿರ್ಗಿಸ್ತಾನದ ದೊರ್ದೊಯ್ ಬಿಷ್ಕೆಕ್ ಸೇರಿದರು. ಆ ವರ್ಷ ದೊರ್ದೊಯ್ ಅಲ್ಲಿನ ಲೀಗ್ ಗೆದ್ದಿತು. ಅದೇ ಆಗಸ್ಟಿನಲ್ಲಿ ಅವರು ಬೆಂಗಳೂರಿಗೂ ಬಂದಿದ್ದರು. ಏಷ್ಯನ್ ಕ್ರೀಡಾಕೂಟಕ್ಕೆ ಮುನ್ನ ಭಾರತ ಮತ್ತು ಪಾಕಿಸ್ತಾನದ 23 ವರ್ಷದೊಳಗಿನವರ ತಂಡಗಳು ಇಲ್ಲಿ ಎರಡು ಪಂದ್ಯ ಆಡಿದವು. ಮೊದಲನೆಯದನ್ನು ಭಾರತ 1–0ಯಿಂದ ಗೆದ್ದಿತು. ಎರಡನೆಯದರಲ್ಲಿ ಕಲೀಮುಲ್ಲಾ ಮತ್ತು ಸದ್ದಾಂ ಹುಸೇನ್ ಗೋಲು ಹೊಡೆದು 2–0ಯಿಂದ ತಿರುಗೇಟು ಕೊಟ್ಟರು. ಸ್ವಾತಂತ್ರ್ಯ ದಿನಾಚರಣೆಯ ಆಸುಪಾಸಿನಲ್ಲಿ ಬೆಂಗಳೂರಿನಲ್ಲೇ ಭಾರತವನ್ನು ಪಾಕಿಸ್ತಾನ ಸೋಲಿಸಿತು ಎಂಬ ಸುದ್ದಿ ಕ್ರಿಕೆಟ್ಟಿನದಾಗಿದ್ದರೆ ಊರೆಲ್ಲ ಹಬ್ಬುತ್ತಿತ್ತು. ಫುಟ್‌ಬಾಲಿನದಾದ್ದರಿಂದ ಒಳಪುಟದಲ್ಲಿ ಮುಗಿಯಿತು.

ಮರುವರ್ಷ ಕಲೀಮುಲ್ಲಾ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಸ್ಯಾಕ್ರಮೆಂಟೊ ರಿಪಬ್ಲಿಕ್ ಸೇರಿದರು. ಅಲ್ಲಿಂದ ಟಲ್ಸಾ, ಆಮೇಲೆ ಇರಾಕಿನ ಲೀಗು. ಹೋದಲ್ಲೆಲ್ಲ ಗೋಲಿನ ಸುರಿಮಳೆಯಾಗಲಿಲ್ಲ. ಗಾಯ, ಹೊಸ ಊರು, ಬೇರೆ ಭಾಷೆ, ತನಗಿಂತ ಗಟ್ಟಿಮುಟ್ಟಾದ ಡಿಫೆಂಡರುಗಳು; ಹೊರಗೆ ಹೋದ ದಕ್ಷಿಣ ಏಷ್ಯಾದ ಎಲ್ಲ ಆಟಗಾರರೂ ಕಾಣುವ ಕಷ್ಟ ಅವರಿಗೂ ಬಂತು. ಆದರೂ ಅವರು ಹೋದ ಗಳಿಗೆ ಒಳ್ಳೆಯದಿತ್ತು. ಏಕೆಂದರೆ ಅವರು ಬಿಟ್ಟುಬಂದ ಲೀಗು 2015ರಲ್ಲಿ ಕಣ್ಣುಮುಚ್ಚಿತು.

ಜಗಳ ಫೆಡರೇಶನ್ನಿನ ಕುರ್ಚಿಯದು. 2015ರಲ್ಲಿ ಅಧ್ಯಕ್ಷ ಚುನಾವಣೆಯ ಹೊತ್ತಿಗೆ ಎರಡು ಬಣಗಳಾದವು, ಪ್ರಕರಣ ಲಾಹೋರ್ ಹೈಕೋರ್ಟಿಗೆ ಹೋಯಿತು, ಕೋರ್ಟು ಆಡಳಿತಾಧಿಕಾರಿಯನ್ನು ನೇಮಿಸಿತು. ಒಂದು ಬಣದ ಕೈಯಲ್ಲಿ ಕಚೇರಿಯ ಬೀಗದ ಕೈ, ಇನ್ನೊಂದರ ಬೆನ್ನಿಗೆ ಫಿಫಾ ಮನ್ನಣೆ. ಇಂಥ ಸ್ಥಿತಿಯಲ್ಲಿ ಲೀಗ್ ನಡೆಸುವವರಾರು? 2014–15ರಲ್ಲಿ ಕೆ-ಎಲೆಕ್ಟ್ರಿಕ್ ಗೆದ್ದ ಮೇಲೆ ಮುಂದಿನ ಋತು ಶುರುವಾಗಲು 2018ರವರೆಗೆ ಕಾಯಬೇಕಾಯಿತು. 2017ರ ಅಕ್ಟೋಬರಿನಲ್ಲಿ ಹೊರಗಿನವರ ಹಸ್ತಕ್ಷೇಪದ ಕಾರಣಕ್ಕೆ ಫಿಫಾ ಪಾಕಿಸ್ತಾನವನ್ನು ಅಮಾನತಿನಲ್ಲಿಟ್ಟಿತು. 2018ರ ಮಾರ್ಚಿನಲ್ಲಿ ಅದು ತೆರವಾಯಿತು.

ಇದರ ನಡುವೆ ಒಂದು ತಮಾಷೆ. 2017ರ ಜುಲೈನಲ್ಲಿ ಖಾಸಗಿ ಆಯೋಜಕರು ರೊನಾಲ್ಡಿನ್ಹೊ, ರಯಾನ್ ಗಿಗ್ಸ್‌ರಂಥ ನಿವೃತ್ತ ತಾರೆಗಳನ್ನು ಕರಾಚಿಗೂ ಲಾಹೋರಿಗೂ ಕರೆತಂದು ಪ್ರದರ್ಶನ ಪಂದ್ಯ ಆಡಿಸಿದರು. ಗ್ಯಾಲರಿ, ದೀಪ, ಟೀವಿ, ಬಂದೋಬಸ್ತು ಎಲ್ಲವೂ ಇತ್ತು. ದೇಶದ ಸ್ವಂತ ಲೀಗಿನ ಆಟಗಾರರಿಗೆ ಆಗ ಎರಡು ವರ್ಷದಿಂದ ಪಂದ್ಯವಿರಲಿಲ್ಲ. ವಿಶ್ವಕಪ್ಪಿಗೆ ಚೆಂಡು ಹೊಲಿದು ಕೊಡುವ ಸಿಯಾಲ್‌ಕೋಟ್ ಊರಿನ ದೇಶ ವಿಶ್ವಕಪ್ ಆಡಿಲ್ಲ ಎಂಬ ಮಾತನ್ನು ಪಾಕಿಸ್ತಾನದ ಫುಟ್‌ಬಾಲ್ ಬಗ್ಗೆ ಬರೆಯುವವರೆಲ್ಲ ಬರೆಯುತ್ತಾರೆ. ಅದಕ್ಕಿಂತ ಚುಚ್ಚುವುದು ರೊನಾಲ್ಡಿನ್ಹೊನ ಆ ಎರಡು ಸಂಜೆ.

ಫೆಡರೇಶನ್ನಿನ ಕಥೆ ಅಲ್ಲಿಗೂ ಮುಗಿಯಲಿಲ್ಲ. 2019ರಲ್ಲಿ ಫಿಫಾ ತಾನೇ ಒಂದು ಸಮಿತಿ ನೇಮಿಸಿತು. 2021ರ ಮಾರ್ಚಿನಲ್ಲಿ ಎದುರು ಬಣದವರು ಲಾಹೋರಿನ ಫುಟ್‌ಬಾಲ್ ಭವನಕ್ಕೆ ನುಗ್ಗಿ ಸಮಿತಿಯನ್ನು ಹೊರಗಟ್ಟಿದರು. ಕರಾಚಿಯಲ್ಲಿ ನಡೆಯುತ್ತಿದ್ದ ಮಹಿಳೆಯರ ರಾಷ್ಟ್ರೀಯ ಚಾಂಪಿಯನ್‌ಶಿಪ್ ಅರ್ಧಕ್ಕೇ ನಿಂತಿತು. ಏಪ್ರಿಲಿನಲ್ಲಿ ಮತ್ತೆ ಅಮಾನತು, 2022ರ ಜೂನ್ ಕೊನೆಯವರೆಗೆ.

ಆಟಗಾರನ ವಯಸ್ಸಿನ ಲೆಕ್ಕದಲ್ಲಿ ಇದನ್ನು ಕೂಡಿಸಿ ನೋಡಬೇಕು. ರಾಷ್ಟ್ರೀಯ ತಂಡ 2015ರ ಮಾರ್ಚಿನಿಂದ 2018ರ ಸೆಪ್ಟೆಂಬರ್‌ವರೆಗೆ, ಮತ್ತೆ 2019ರ ಜೂನಿನಿಂದ 2022ರ ನವೆಂಬರ್‌ವರೆಗೆ ಒಂದೇ ಒಂದು ಪಂದ್ಯ ಆಡಲಿಲ್ಲ. ಮೂರೂವರೆ ವರ್ಷದ ಎರಡು ಕಂದಕಗಳು, ನಡುವೆ ಬೆರಳೆಣಿಕೆಯ ಪಂದ್ಯ. 2015ರಲ್ಲಿ 22 ವರ್ಷದವನಾಗಿದ್ದ ವಿಂಗರ್ 2022ರ ಹೊತ್ತಿಗೆ 29 ದಾಟಿರುತ್ತಾನೆ. ಫುಟ್‌ಬಾಲಿಗನ ಕಾಲಿನಲ್ಲಿ ಕಸುವು ತುಂಬಿರುವ ವರ್ಷಗಳೆಲ್ಲ ಕೋರ್ಟಿನ ಮುಂದೂಡಿಕೆಗಳಲ್ಲಿ ಕಳೆದವು.

ಲೀಗು ಇಲ್ಲದಿದ್ದರೂ ನೌಕರಿ ಇತ್ತಲ್ಲ ಎಂಬ ಸಮಾಧಾನಕ್ಕೂ ಕಲ್ಲು ಬಿತ್ತು. ಪ್ರಧಾನಿಯಾಗಿದ್ದ ಇಮ್ರಾನ್ ಖಾನ್‌ಗೆ ಇಲಾಖಾ ಕ್ರಿಕೆಟ್ ಕಂಡರೆ ಮೊದಲಿನಿಂದಲೂ ಆಗದು. ಆಸ್ಟ್ರೇಲಿಯಾದಲ್ಲಿರುವಂತೆ ಪ್ರಾಂತ್ಯಗಳ ಹೆಸರಿನ ಕೆಲವೇ ತಂಡಗಳಿರಬೇಕು, ಸ್ಪರ್ಧೆ ಬಿಗಿಯಾಗಿರಬೇಕು ಎಂಬುದು ಅವರ ವಾದ. ವಾದದಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. 2019ರಲ್ಲಿ ಇಲಾಖೆಗಳನ್ನು ಕ್ರಿಕೆಟ್ಟಿನಿಂದ ಹೊರಗಿಟ್ಟರು. 2021ರಲ್ಲಿ ಉಳಿದ ಆಟಗಳ ಇಲಾಖಾ ತಂಡಗಳ ಮೇಲೂ ಕತ್ತರಿ ಆಡಿತು. ಕ್ರಿಕೆಟಿಗನಿಗೆ ಮಂಡಳಿಯ ಗುತ್ತಿಗೆಯಾದರೂ ಸಿಕ್ಕಿತು. ಫುಟ್‌ಬಾಲಿಗನಿಗೆ ಆ ಹೊತ್ತಿಗೆ ಫೆಡರೇಶನ್ನೂ ಇರಲಿಲ್ಲ, ಲೀಗೂ ಇರಲಿಲ್ಲ. ಇದ್ದ ಒಂದು ಸಂಬಳದ ಚೀಟಿಯೂ ಹೋಯಿತು.

ಖೈಬರ್ ಪಖ್ತೂನ್‌ಖ್ವಾದ ಹಂಗು ಎಂಬ ಊರಿನ ಮುಹಮ್ಮದ್ ರಿಯಾಜ್ ಕೆ-ಎಲೆಕ್ಟ್ರಿಕ್ ಆಟಗಾರ. 2018ರಲ್ಲಿ ಜಕಾರ್ತಾ ಏಷ್ಯನ್ ಕ್ರೀಡಾಕೂಟಕ್ಕೆ ಹೋದ ತಂಡದಲ್ಲಿದ್ದವರು. ಆ ಕೂಟದಲ್ಲಿ ಪಾಕಿಸ್ತಾನ ನೇಪಾಳವನ್ನು ಸೋಲಿಸಿತ್ತು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲಿನಲ್ಲಿ ಗೆಲುವು ಕಂಡು ದಶಕಗಳೇ ಆಗಿದ್ದವು. ಕೆಲ ವರ್ಷಗಳ ನಂತರ ಅದೇ ರಿಯಾಜ್ ಊರಿನ ಬೀದಿಬದಿಯಲ್ಲಿ ಜಿಲೇಬಿ ಕರಿಯುತ್ತಿರುವ ವಿಡಿಯೊ ಪಾಕಿಸ್ತಾನದ ಟೀವಿಗಳಲ್ಲಿ ಬಂತು. ಅಗಲ ಬಾಣಲೆ, ಕುದಿಯುವ ಎಣ್ಣೆ, ಅದರಲ್ಲಿ ಸುತ್ತು ಸುತ್ತಾಗಿ ಇಳಿಯುವ ಹಿಟ್ಟು, ಪಕ್ಕದಲ್ಲಿ ಸಕ್ಕರೆ ಪಾಕ. ಇಲಾಖಾ ತಂಡಗಳನ್ನು ಮುಚ್ಚಿದ ಮೇಲೆ ಮನೆ ನಡೆಸಲು ಬೇರೆ ದಾರಿ ಇರಲಿಲ್ಲ, ತಂಡಗಳು ಮತ್ತೆ ಬರುತ್ತವೆ ಎಂಬ ಭರವಸೆಯನ್ನು ನಂಬಿ ಕಾದದ್ದೇ ಬಂತು ಎಂದು ಅವರು ವರದಿಗಾರರಿಗೆ ಹೇಳಿಕೊಂಡರು. ಜಿಲೇಬಿ ಮಾರುವುದರಲ್ಲಿ ಅವಮಾನವೇನಿಲ್ಲ. ಏಷ್ಯನ್ ಕ್ರೀಡಾಕೂಟದಲ್ಲಿ ಆಡಿದವರಿಗೆ ಮೂವತ್ತರ ಒಳಗೇ ಆಟ ಬಿಟ್ಟು ಬೇರೆ ಕಸುಬು ಹುಡುಕುವ ಗತಿ ಬಂದದ್ದು ಅವಮಾನ, ಅದೂ ಅವರದಲ್ಲ.

2022ರ ಆಗಸ್ಟಿನಲ್ಲಿ ಮುಂದಿನ ಪ್ರಧಾನಿ ಶಹಬಾಜ್ ಷರೀಫ್ ಇಲಾಖಾ ಕ್ರೀಡೆಗಳಿಗೆ ಮತ್ತೆ ಹಸಿರು ನಿಶಾನೆ ತೋರಿಸಿದರು. ಆದೇಶ ಬಂದ ಮಾತ್ರಕ್ಕೆ ತಂಡಗಳು ಎದ್ದು ಕೂರುವುದಿಲ್ಲ. ವಾಪ್ಡಾ, ಸೇನೆಯಂಥವು ನಿಂತವು, ಕೆಲವು ಮತ್ತೆ ಬಾಗಿಲು ತೆರೆಯಲೇ ಇಲ್ಲ.

ಲೀಗಿಲ್ಲದ ದೇಶ ರಾಷ್ಟ್ರೀಯ ತಂಡ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನವರು ಕಣ್ಣಾರೆ ನೋಡಿದ್ದಾರೆ. 2023ರ ಜೂನ್ 21ರಂದು ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಚಾಂಪಿಯನ್‌ಶಿಪ್ಪಿನ ಭಾರತ–ಪಾಕಿಸ್ತಾನ ಪಂದ್ಯ. ಮಾರಿಷಸ್‌ನಲ್ಲಿ ಆಡುತ್ತಿದ್ದ ಪಾಕಿಸ್ತಾನ ತಂಡಕ್ಕೆ ವೀಸಾ ತಡವಾಯಿತು. ಎಲ್ಲರಿಗೂ ಒಂದೇ ವಿಮಾನದಲ್ಲಿ ಟಿಕೆಟ್ ಸಿಗದೆ ತಂಡ ಬಿಡಿಬಿಡಿಯಾಗಿ ಮುಂಬೈ ಮೂಲಕ ಪಂದ್ಯದ ದಿನವೇ ಬೆಂಗಳೂರಿಗೆ ಬಂದಿಳಿಯಿತು. ಮಳೆಯಲ್ಲೂ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಹತ್ತನೇ ನಿಮಿಷದಲ್ಲೇ ಹಿಂದಕ್ಕೆ ಬಂದ ಪಾಸನ್ನು ಪಾಕಿಸ್ತಾನದ ಗೋಲ್‌ಕೀಪರ್ ತಡವರಿಸಿದರು, ಛೆಟ್ರಿ ಅದನ್ನು ಕಸಿದು ಬಲೆಗೆ ತಳ್ಳಿದರು. ಹದಿನೆಂಟು ವರ್ಷದ ಹಿಂದೆ ಕ್ವೆಟ್ಟಾದಲ್ಲಿ ಗೋಲು ಹೊಡೆದ ಅದೇ ಛೆಟ್ರಿ! ಆಮೇಲೆ ಎರಡು ಪೆನಾಲ್ಟಿ, ಹ್ಯಾಟ್ರಿಕ್. ಉದಾಂತ ಸಿಂಗ್ ನಾಲ್ಕನೆಯದನ್ನು ಸೇರಿಸಿದರು. ಪಂದ್ಯದ ನಡುವೆ ಪಾಕಿಸ್ತಾನದ ಥ್ರೋ-ಇನ್ ತಡೆಯಲು ಹೋಗಿ ಭಾರತದ ಕೋಚ್ ಇಗೋರ್ ಸ್ಟಿಮ್ಯಾಕ್ ಕೆಂಪು ಕಾರ್ಡು ಪಡೆದದ್ದೇ ಮರುದಿನ ಹೆಚ್ಚು ಚರ್ಚೆಯಾದ ಸಂಗತಿ. ಪಾಕಿಸ್ತಾನ ಆ ಟೂರ್ನಿಯಲ್ಲಿ ಕುವೈತ್‌ಗೂ ನೇಪಾಳಕ್ಕೂ ಸೋತು ಮರಳಿತು.

ನಾಲ್ಕೇ ತಿಂಗಳಲ್ಲಿ ಅದೇ ದೇಶ ಇತಿಹಾಸ ಬರೆಯಿತು. 2023ರ ಅಕ್ಟೋಬರ್ 17ರಂದು ಇಸ್ಲಾಮಾಬಾದಿನ ಜಿನ್ನಾ ಕ್ರೀಡಾಂಗಣದಲ್ಲಿ ಕಾಂಬೋಡಿಯಾವನ್ನು 1–0ಯಿಂದ ಸೋಲಿಸಿ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ತನ್ನ ಮೊಟ್ಟಮೊದಲ ಗೆಲುವು ಕಂಡಿತು. ಕೋಚ್ ಹಿಂದೆ ಭಾರತಕ್ಕೂ ತರಬೇತಿ ಕೊಟ್ಟಿದ್ದ ಸ್ಟೀಫನ್ ಕಾನ್‌ಸ್ಟಂಟೈನ್. ಗೋಲು ಹೊಡೆದವರು ಹಾರೂನ್ ಹಮೀದ್, ಲಂಡನ್ನಿನಲ್ಲಿ ಹುಟ್ಟಿ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಅಕಾಡೆಮಿಯಲ್ಲಿ ಬೆಳೆದವರು. ಚಮನ್, ಲಿಯಾರಿಗಳ ಮಣ್ಣಿನ ಮೈದಾನದಿಂದ ಟ್ರಯಲ್ಸ್ ದಾಟಿ ಬಂದವರ ಜಾಗಕ್ಕೆ ಇಂಗ್ಲೆಂಡು, ಡೆನ್ಮಾರ್ಕುಗಳ ವಲಸಿಗ ಮನೆತನಗಳ ಹುಡುಗರು ಬಂದಿದ್ದಾರೆ. ಇದನ್ನು ದೂರಬೇಕಾಗಿಲ್ಲ. ವಾರವಾರವೂ ಪಂದ್ಯ ಆಡುವ ಪಾಕಿಸ್ತಾನಿ ಫುಟ್‌ಬಾಲಿಗ ಬೇಕೆಂದರೆ ಕೋಚ್ ಹುಡುಕಬೇಕಾದದ್ದು ಅಲ್ಲೇ. ಊರಿನ ಹುಡುಗರಿಗೋ ಪಂದ್ಯವೇ ಇಲ್ಲದ್ದರಿಂದ ಶಿಬಿರಕ್ಕೆ ಬಂದ ಮೇಲೆ ಮೊದಲು ದಮ್ಮು ಕಟ್ಟುವ ಕೆಲಸ, ಆಮೇಲೆ ಆಟ. ಮುಂದಿನ ಸುತ್ತಿನಲ್ಲಿ ಸೌದಿ ಅರೇಬಿಯಾ, ಜೋರ್ಡಾನ್, ತಜಿಕಿಸ್ತಾನಗಳ ಎದುರು ಆಡಿದ ಆರೂ ಪಂದ್ಯಗಳನ್ನು ಪಾಕಿಸ್ತಾನ ಸೋತಿತು.

2025ರ ಫೆಬ್ರವರಿಯಲ್ಲಿ ಫಿಫಾ ಮೂರನೆಯ ಬಾರಿ ಅಮಾನತು ಮಾಡಿತು. ಫೆಡರೇಶನ್ನಿನ ಸಂವಿಧಾನ ತಿದ್ದುಪಡಿಗೆ ಸದಸ್ಯರು ಒಪ್ಪದ್ದು ಕಾರಣ. ಒಂದೇ ತಿಂಗಳೊಳಗೆ ಒಪ್ಪಿದರು, ಮಾರ್ಚ್ ಮೊದಲ ವಾರ ಅಮಾನತು ಹೋಯಿತು. ಮೇ ತಿಂಗಳಲ್ಲಿ ಚುನಾವಣೆ ನಡೆದು ಮೊಹ್ಸಿನ್ ಗಿಲಾನಿ ಅಧ್ಯಕ್ಷರಾದರು. ಪೆರುವಿನ ಮಾಜಿ ತಾರೆ, ನ್ಯೂಕ್ಯಾಸಲ್‌ನಲ್ಲಿ ಹೆಸರು ಮಾಡಿದ್ದ ನೊಲ್ಬೆರ್ಟೊ ಸೊಲಾನೊ ಕೋಚ್ ಆಗಿ ಬಂದರು. ಹೊಸ ಅಧ್ಯಕ್ಷರು ಕುರ್ಚಿ ಏರಿದ ದಿನದವರೆಗೆ ಲೆಕ್ಕ ಹಾಕಿದರೆ, 2018–19ರಲ್ಲಿ ಕೆಆರ್‌ಎಲ್ ಕೊನೆಯ ಬಾರಿ ಗೆದ್ದ ಮೇಲೆ ಪ್ರೀಮಿಯರ್ ಲೀಗಿನ ಒಂದು ಋತುವೂ ಪೂರ್ತಿಯಾಗಿ ನಡೆದಿರಲಿಲ್ಲ. 2021ರಲ್ಲಿ ಒಮ್ಮೆ ಶುರು ಮಾಡಿ ಅರ್ಧಕ್ಕೆ ಕೈಬಿಟ್ಟಿದ್ದರು. ಕಲೀಮುಲ್ಲಾರ 35 ಗೋಲಿನ ದಾಖಲೆಯನ್ನು ಮುರಿಯಲು ಆ ವರ್ಷಗಳಲ್ಲಿ ಯಾರಿಗೂ ಪ್ರಯತ್ನಿಸುವ ಅವಕಾಶವೇ ಸಿಗಲಿಲ್ಲ.